ಹಾಡಿನ ನಡುವೆ ಒಂದು ಸಣ್ಣ ಪ್ರಕಟಣೆ

(ಮೈಸೂರಿನ ಸರಸ್ವತಿಪುರಂನಲ್ಲಿ, ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ, ಹಾಡು ಕೇಳಲು ಸೇರಿದ್ದವರ ಮುಂದೆ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಇವತ್ತು ಕೇಳಲಿರುವ ಆಲ್ಬಂ ಲಂಡನ್ನಿನದು, 1967ನೇ ಇಸವಿಯದು. ಆದರೆ ನಾನು ಮಾತು ಶುರು ಮಾಡುವುದು ಪಾಂಡವಪುರ ತಾಲ್ಲೂಕಿನ ನಮ್ಮ ಊರಿನಿಂದ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಊರಹಬ್ಬಕ್ಕೆ ನಮ್ಮಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಿದ್ದರು. ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಬೆಳಗಿನ ಜಾವದ ತನಕ. ಮುಂದೆ ಹಾರ್ಮೋನಿಯಂ ಮೇಷ್ಟ್ರು, ಪಕ್ಕದಲ್ಲಿ ತಬಲಾದವರು, ಹಿಂದೆ ಮಂಡ್ಯದಿಂದ ಬಾಡಿಗೆಗೆ ತಂದ ಸೀನರಿ. ಪಾತ್ರ ಬೇಕಾದವರು ತಾವೇ ದುಡ್ಡು ಕಟ್ಟಿ ಪಾತ್ರ ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಕೃಷ್ಣ, ದುರ್ಯೋಧನ ಅಂದರೆ ಜಾಸ್ತಿ. ಬಾಗಿಲಲ್ಲಿ ನಿಲ್ಲುವ ಸೇವಕನಿಗೆ ಕಮ್ಮಿ. ನಮ್ಮ ದೊಡ್ಡಪ್ಪ ಒಂದು ವರ್ಷ ಭತ್ತ ಮಾರಿದ ದುಡ್ಡು ಕಟ್ಟಿ ದುರ್ಯೋಧನ ಆಗಿದ್ದರು.

ಕೊನೆಯ ದೃಶ್ಯ. ದೊಡ್ಡಪ್ಪ ತೊಡೆ ಮುರಿದು ಬಿದ್ದಿದ್ದಾರೆ. ತಮ್ಮಂದಿರನ್ನು ಒಬ್ಬೊಬ್ಬರಾಗಿ ನೆನೆದು ಹಾಡುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ಹಾರ್ಮೋನಿಯಂ ನಿಂತಿತು. ಮೈಕಿನಲ್ಲಿ ಇನ್ನೊಂದು ದನಿ: 'ಒಂದು ಸಣ್ಣ ಪ್ರಕಟಣೆ. ದುರ್ಯೋಧನನ ಪಾತ್ರಧಾರಿಯವರ ಅಭಿನಯ ಮೆಚ್ಚಿ, ಬಸ್ ಸ್ಟ್ಯಾಂಡ್ ಎದುರಿನ ಗೊಬ್ಬರದಂಗಡಿ ಮಾಲೀಕರು 101 ರೂಪಾಯಿ ಬಹುಮಾನ ಕೊಟ್ಟಿದ್ದಾರೆ.' ತೊಡೆ ಮುರಿದ ದುರ್ಯೋಧನ ಎದ್ದು ನಿಂತರು. ಕೈ ಮುಗಿದರು. ಹಾರ ಹಾಕಿಸಿಕೊಂಡರು. ಮತ್ತೆ ಮಲಗಿ, ಬಿಟ್ಟಲ್ಲಿಂದಲೇ ಅಳು ಹಿಡಿದರು. ಹೆಂಗಸರು ಮತ್ತೆ ಸೆರಗು ತೆಗೆದುಕೊಂಡರು.

ನನಗಾಗ ಒಂಬತ್ತು ವರ್ಷ. ಅದರಲ್ಲಿ ಏನೂ ವಿಚಿತ್ರ ಅನ್ನಿಸಲಿಲ್ಲ. ದುಃಖವೂ ನಿಜ, ಗೊಬ್ಬರದಂಗಡಿಯೂ ನಿಜ. ಎರಡೂ ಒಂದೇ ಮೈಕಿನಲ್ಲಿ ಬರುತ್ತಿದ್ದವು. ಅದು ವಿಚಿತ್ರ ಅಂತ ಮೊದಲು ಅನ್ನಿಸಿದ್ದು, ಎಷ್ಟೋ ವರ್ಷದ ಮೇಲೆ, ಈ ಆಲ್ಬಂ ಕೇಳಿದಾಗ.

ತಂಡದ ಹೆಸರು 'ದಿ ಹೂ'. ನಮ್ಮ ಹೂವಲ್ಲ, 'ಯಾರು' ಅನ್ನುವ ಇಂಗ್ಲಿಷ್ ಮಾತು. ಆಲ್ಬಂ ಹೆಸರು 'ದಿ ಹೂ ಸೆಲ್ ಔಟ್'. 1967ರ ಡಿಸೆಂಬರ್ 15ಕ್ಕೆ ಬ್ರಿಟನ್ನಿನಲ್ಲಿ ಬಿಡುಗಡೆ ಆಯಿತು. ಹಾಡುವುದು ರೋಜರ್ ಡಾಲ್ಟ್ರಿ, ಗಿಟಾರ್ ಪೀಟ್ ಟೌನ್ಸೆಂಡ್, ಬೇಸ್ ಗಿಟಾರ್ ಜಾನ್ ಎಂಟ್ವಿಸಲ್, ಡ್ರಮ್ಸ್ ಕೀತ್ ಮೂನ್. ಹಾಡುಗಳಲ್ಲಿ ಹೆಚ್ಚಿನವನ್ನು ಬರೆದದ್ದು ಟೌನ್ಸೆಂಡ್. ತಂಡವನ್ನು ನೋಡಿಕೊಳ್ಳುತ್ತಿದ್ದ ಕಿಟ್ ಲ್ಯಾಂಬರ್ಟ್ ಅವರೇ ಇದರ ನಿರ್ಮಾಪಕರು. 'ಸೆಲ್ ಔಟ್' ಅಂದರೆ ದುಡ್ಡಿಗಾಗಿ ತನ್ನನ್ನೇ ಮಾರಿಕೊಳ್ಳುವುದು. ಒಬ್ಬ ಕಲಾವಿದನನ್ನು ಹೀಯಾಳಿಸಬೇಕಾದರೆ ಇಂಗ್ಲಿಷಿನವರು ಆಡುವ ಮಾತು ಅದು. ಇವರು ಅದನ್ನು ತಾವೇ ಎತ್ತಿಕೊಂಡು ಹಣೆಗೆ ಹಚ್ಚಿಕೊಂಡರು: ಹೌದು, ನಾವು ಮಾರಿಕೊಂಡಿದ್ದೇವೆ, ನೋಡಿ.

ಇದೊಂದು ಕಾನ್ಸೆಪ್ಟ್ ಆಲ್ಬಂ. ಅಂದರೆ ಬಿಡಿ ಹಾಡುಗಳ ಕಟ್ಟಲ್ಲ, ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿದ್ದು. ಸಾಮಾನ್ಯವಾಗಿ ಆ ಎಳೆ ಒಂದು ಕಥೆ ಆಗಿರುತ್ತದೆ. ಇದರಲ್ಲಿ ಕಥೆ ಇಲ್ಲ. ಇಡೀ ಆಲ್ಬಂ ಒಂದು ರೇಡಿಯೋ ಸ್ಟೇಷನ್ ಕೇಳಿದ ಹಾಗಿದೆ. ವಾರದ ದಿನಗಳ ಹೆಸರನ್ನು ಯಂತ್ರದ ದನಿಯಲ್ಲಿ ಹೇಳುವ ಜಿಂಗಲ್ಲಿನಿಂದ, ಅಂದರೆ ರೇಡಿಯೋದವರು ನಡುನಡುವೆ ಹಾಕುವ ಪುಟ್ಟ ಹಾಡಿನ ತುಣುಕಿನಿಂದ, ಶುರುವಾಗುತ್ತದೆ. ಒಂದು ಹಾಡು, ಹಿಂದೆಯೇ ಸ್ಟೇಷನ್ನಿನ ಹೆಸರು ಹೇಳುವ ಜಿಂಗಲ್, ಅದರ ಹಿಂದೆ ಡ್ರಮ್ಸಿನ ಜಾಹೀರಾತು, ಮತ್ತೆ ಹಾಡು. ಆಮೇಲೆ ಗಿಟಾರ್ ತಂತಿಯ ಜಾಹೀರಾತು, ಮೈ ಬೆಳೆಸುವ ಕಸರತ್ತಿನ ಜಾಹೀರಾತು. ಜಿಂಗಲ್‌ಗಳು ನಿಜವಾದವು. ಜಾಹೀರಾತುಗಳನ್ನು ತಂಡದವರೇ ಹಾಡಿದ್ದು.

ಯಾವ ರೇಡಿಯೋ ಅದು? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಇದನ್ನು ಬಿಟ್ಟರೆ ಆಲ್ಬಂ ಬರೀ ತಮಾಷೆಯಾಗಿ ಉಳಿದುಬಿಡುತ್ತದೆ.

ಆಗ ಬ್ರಿಟನ್ನಿನಲ್ಲಿ ರೇಡಿಯೋ ಅಂದರೆ ಬಿಬಿಸಿ. ಜಾಹೀರಾತು ಇಲ್ಲ. ಜೊತೆಗೆ ದಿನಕ್ಕೆ ಇಷ್ಟೇ ಹೊತ್ತು ರೆಕಾರ್ಡ್ ಹಾಕಬಹುದು ಅನ್ನುವ ಮಿತಿ ಇತ್ತು. ವಾದ್ಯಗಾರರ ಸಂಘ ಮತ್ತು ರೆಕಾರ್ಡ್ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದ ಅದು. ಹದಿಹರೆಯದ ಹುಡುಗರಿಗೆ ಬೇಕಾದ ಹಾಡು ರೇಡಿಯೋದಲ್ಲಿ ಅಪರೂಪ. 1964ರಲ್ಲಿ ಕೆಲವರು ಒಂದು ದಾರಿ ಹುಡುಕಿದರು. ಹಡಗಿನ ಮೇಲೆ ಟ್ರಾನ್ಸ್‌ಮಿಟರ್ ಇಟ್ಟು, ಸರ್ಕಾರದ ಕಾನೂನು ಮುಟ್ಟದಷ್ಟು ದೂರ ಸಮುದ್ರದಲ್ಲಿ ಲಂಗರು ಹಾಕಿ, ಅಲ್ಲಿಂದ ಪ್ರಸಾರ. ಜನ ಇದಕ್ಕೆ ಪೈರೇಟ್ ರೇಡಿಯೋ ಅಂದರು, ಕಡಲ್ಗಳ್ಳರ ರೇಡಿಯೋ. ಅದರಲ್ಲಿ ಒಂದು ರೇಡಿಯೋ ಲಂಡನ್. ಗ್ಯಾಲಕ್ಸಿ ಅನ್ನುವ ಹಡಗು, ಎಸೆಕ್ಸ್ ಕರಾವಳಿಯಾಚೆ ನಿಂತಿತ್ತು. ಮೊದಲು ಅದು ಅಮೆರಿಕದ ನೌಕಾಪಡೆಯ ಹಡಗಾಗಿತ್ತು. ಅಲೆ ಹೊಡೆದಾಗ ರೆಕಾರ್ಡಿನ ಮುಳ್ಳು ಹಾರಿದರೂ ಪರವಾಗಿಲ್ಲ, ದಿನವಿಡೀ ಹಾಡು. ಖರ್ಚು ತೂಗಿಸುತ್ತಿದ್ದದ್ದು ಜಾಹೀರಾತು.

ಮೈಸೂರಿನವರಿಗೆ ಇದು ಪರಕೀಯ ಕಥೆ ಅನ್ನಿಸಬಾರದು. ಆಕಾಶವಾಣಿ ಅನ್ನುವ ಹೆಸರಿನಲ್ಲಿ ಪ್ರಸಾರ ಶುರುವಾದದ್ದೇ ಈ ಊರಿನಲ್ಲಿ, 1935ರಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಿಂದ. ಒಬ್ಬ ಮೇಷ್ಟ್ರು ಆಸೆಪಟ್ಟು ತಮ್ಮ ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಊರಿಗೆ ಹಾಡು, ಮಾತು ಕೇಳಿಸಿದರು ಅನ್ನುವುದನ್ನು ನಾವು ಇನ್ನೂ ಜಾಸ್ತಿ ಹೇಳಿಕೊಳ್ಳಬೇಕು. ಆಮೇಲೆ ಇಡೀ ದೇಶದ ರೇಡಿಯೋ ಅದೇ ಹೆಸರು ಇಟ್ಟುಕೊಂಡಿತು.

ಇನ್ನೊಂದು ಹೋಲಿಕೆ ಇದೆ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿ ಬಂದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಜಾಗವೇ ಇಲ್ಲದಂತಾಯಿತು. ಜನ ಏನು ಮಾಡಿದರು? ಶಾರ್ಟ್‌ವೇವ್ ಮುಳ್ಳು ತಿರುಗಿಸಿ ಸಮುದ್ರದಾಚೆಯ ರೇಡಿಯೋ ಸಿಲೋನ್ ಹಿಡಿದರು. ಟೂತ್‌ಪೇಸ್ಟ್ ಕಂಪನಿಯೊಂದರ ಹೆಸರು ಹೊತ್ತ ಅಮೀನ್ ಸಯಾನಿ ಅವರ ಕಾರ್ಯಕ್ರಮಕ್ಕೆ ವಾರವಿಡೀ ಕಾದರು. ನಮ್ಮ ಅಮ್ಮ ಆ ದನಿಯನ್ನು ಈಗಲೂ ನೆನೆಯುತ್ತಾರೆ. ಆ ಪೇಸ್ಟನ್ನು ಅವರು ಒಂದು ದಿನವೂ ಕೊಂಡವರಲ್ಲ, ಆದರೆ ಹೆಸರು ಮರೆತಿಲ್ಲ. ಕೊನೆಗೆ 1957ರಲ್ಲಿ ನಮ್ಮ ಸರ್ಕಾರವೇ ವಿವಿಧ ಭಾರತಿ ತೆರೆಯಬೇಕಾಯಿತು.

ಬ್ರಿಟನ್ನಿನಲ್ಲೂ ಹಾಗೇ ಆಯಿತು, ಹತ್ತು ವರ್ಷ ತಡವಾಗಿ. ಸರ್ಕಾರ ಹೊಸ ಕಾನೂನು ತಂದಿತು. ಹಡಗನ್ನು ಮುಟ್ಟಲಿಲ್ಲ. ಬದಲಿಗೆ, ಹಡಗಿನ ರೇಡಿಯೋದಲ್ಲಿ ಬ್ರಿಟಿಷರು ಕೆಲಸ ಮಾಡಬಾರದು, ಅದಕ್ಕೆ ಸಾಮಾನು ಪೂರೈಸಬಾರದು, ಜಾಹೀರಾತು ಕೊಡಬಾರದು ಅಂದಿತು. ಜಾಹೀರಾತು ನಿಂತರೆ ಹಡಗು ತಾನಾಗಿಯೇ ಮುಳುಗಿದಂತೆ. 1967ರ ಆಗಸ್ಟ್ 14, ಮಧ್ಯಾಹ್ನ 3 ಗಂಟೆಗೆ ರೇಡಿಯೋ ಲಂಡನ್ ಸುಮ್ಮನಾಯಿತು. ಅವತ್ತು ಮಧ್ಯರಾತ್ರಿಯಿಂದ ಕಾನೂನು ಜಾರಿ. ನಮ್ಮ ಸ್ವಾತಂತ್ರ್ಯ ದಿನ ಶುರುವಾಗುವ ಹೊತ್ತಿಗೆ ಅವರ ರೇಡಿಯೋದ ಒಂದು ಸ್ವಾತಂತ್ರ್ಯ ಮುಗಿದಿತ್ತು. ಸೆಪ್ಟೆಂಬರ್ 30ಕ್ಕೆ ಬಿಬಿಸಿ ತನ್ನದೇ ರೇಡಿಯೋ ಒನ್ ಶುರು ಮಾಡಿತು. ಅಲ್ಲಿ ಮೊದಲು ಮಾತಾಡಿದ ಟೋನಿ ಬ್ಲ್ಯಾಕ್‌ಬರ್ನ್ ಈ ಹಡಗಿನಿಂದಲೇ ಬಂದವರು. ಜಿಂಗಲ್ ಮಾಡಿಕೊಟ್ಟದ್ದೂ ಹಡಗಿನವರಿಗೆ ಮಾಡಿಕೊಟ್ಟಿದ್ದ ಅದೇ ಅಮೆರಿಕದ ಕಂಪನಿ, ಡಲ್ಲಾಸಿನ ಪ್ಯಾಮ್ಸ್.

ಈಗ ತಾರೀಕು ಲೆಕ್ಕ ಹಾಕಿ. ರೇಡಿಯೋ ಲಂಡನ್ ಆಗಸ್ಟಿನಲ್ಲಿ ಸತ್ತಿತು. ಆಲ್ಬಂ ಬಂದದ್ದು ಡಿಸೆಂಬರಿನಲ್ಲಿ. ಅಂದರೆ ಇವರು ಅಣಕಿಸುತ್ತಿರುವುದು ನಾಲ್ಕು ತಿಂಗಳ ಹಿಂದೆ ತೀರಿಕೊಂಡವರನ್ನು. ಇದು ತಿಳಿದ ಮೇಲೆ ಆ ಜಿಂಗಲ್‌ಗಳು ಬೇರೆಯೇ ಆಗಿ ಕೇಳುತ್ತವೆ. ಸತ್ತ ಮನೆಯಲ್ಲಿ ಕೂತು, ಹೋದವರ ನಡಿಗೆಯನ್ನು, ಕೆಮ್ಮನ್ನು, ಅವರು ಬೈಯುತ್ತಿದ್ದ ರೀತಿಯನ್ನು ಮಾಡಿ ತೋರಿಸಿ ನಗುತ್ತೇವಲ್ಲ, ಹಾಗೆ. ಅಣಕು ಹೌದು. ಆದರೆ ಅಷ್ಟು ಚೆನ್ನಾಗಿ ಅಣಕಿಸಬೇಕಾದರೆ ಆ ಮನುಷ್ಯನನ್ನು ಎಷ್ಟು ಹತ್ತಿರದಿಂದ ನೋಡಿರಬೇಕು! ನನ್ನ ಮಟ್ಟಿಗೆ ಈ ಆಲ್ಬಮ್ಮಿನ ಜೀವ ಇಲ್ಲಿದೆ. ಇವರು ಜಾಹೀರಾತನ್ನು ನೋಡಿ ಹೊರಗೆ ನಿಂತು ಕಲ್ಲು ಎಸೆಯುತ್ತಿಲ್ಲ. ಒಳಗೆ ಕೂತಿದ್ದಾರೆ. ಅದನ್ನು ಪ್ರೀತಿಸುತ್ತಾರೆ, ಅದರಿಂದ ಮೋಸವೂ ಹೋಗಿದ್ದಾರೆ. ಎರಡನ್ನೂ ಮುಚ್ಚಿಡುವುದಿಲ್ಲ.

ಇನ್ನೂ ಒಂದು ಕಾಕತಾಳೀಯ. ಅದೇ 1967ರ ನವೆಂಬರ್ 1ರಂದು ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಯಿತು, ಮೊದಲು ಮುಂಬೈ, ಪುಣೆ, ನಾಗ್ಪುರಗಳಲ್ಲಿ. ಅಲ್ಲಿ ಜಾಹೀರಾತಿನ ರೇಡಿಯೋ ಮುಚ್ಚಿದ ವರ್ಷವೇ ಇಲ್ಲಿ ತೆರೆಯಿತು.

ಈಗ ಆಲ್ಬಮ್ಮಿನ ಈ ರಟ್ಟು ನೋಡಿ. ಒಬ್ಬರಿಂದ ಒಬ್ಬರಿಗೆ ದಾಟಿಸಿ, ನಿಧಾನ. ನಾಲ್ಕು ಫೋಟೋ. ಎಲ್ಲವೂ ಡೇವಿಡ್ ಮಾಂಟ್ಗೊಮರಿ ತೆಗೆದದ್ದು. ಮುಂದೆ ಟೌನ್ಸೆಂಡ್, ಬರಿಮೈ, ಕೈಯಲ್ಲಿ ಒನಕೆಯಷ್ಟು ದಪ್ಪದ ಡಿಯೋಡರೆಂಟ್, ಕಂಕುಳಿಗೆ ಹಚ್ಚಿಕೊಳ್ಳುತ್ತಿದ್ದಾರೆ. ಅವರ ಪಕ್ಕದಲ್ಲಿ ಡಾಲ್ಟ್ರಿ, ಸ್ನಾನದ ತೊಟ್ಟಿಯ ತುಂಬ ಟೊಮೆಟೊ ರಸದಲ್ಲಿ ಬೇಯಿಸಿದ ಬೀನ್ಸ್ ಕಾಳು, ಅದರೊಳಗೆ ಕೂತಿದ್ದಾರೆ. ಹಿಂಬದಿಯಲ್ಲಿ ಮೂನ್ ದೊಡ್ಡ ಟ್ಯೂಬಿನಿಂದ ಮೊಡವೆಗೆ ಕ್ರೀಮ್ ಹಚ್ಚುತ್ತಿದ್ದಾರೆ. ಎಂಟ್ವಿಸಲ್ ಚಿರತೆ ಚರ್ಮದ ಉಡುಪು ತೊಟ್ಟು ಪೈಲ್ವಾನ್ ಆಗಿದ್ದಾರೆ. ಆ ಬೀನ್ಸ್ ಕೊರೆಯುವಷ್ಟು ತಣ್ಣಗಿತ್ತು, ಅದರಲ್ಲಿ ಕೂತು ತನಗೆ ನ್ಯುಮೋನಿಯಾ ಹಿಡಿಯಿತು ಅಂತ ಡಾಲ್ಟ್ರಿ ಆಮೇಲೆ ಹೇಳಿಕೊಂಡಿದ್ದಾರೆ. ಅವರ ಮುಖ ನೋಡಿ. ಜಾಹೀರಾತಿನಲ್ಲಿ ಇರುವ ಹಾಗೇ ಇದೆ: ಸಂತೋಷವಾಗಿದ್ದೇನೆ ಅಂತ ಹೇಳಬೇಕಾದ ಮುಖ.

ಬೀನ್ಸ್ ಹಾಡು ಎಂಟ್ವಿಸಲ್ ಬರೆದದ್ದು. ಒಂದು ನಿಮಿಷದ ಸುತ್ತಮುತ್ತ ಅಷ್ಟೇ. ಬ್ಯಾಂಡ್‌ಸೆಟ್ಟಿನ ಥರದ ವಾದ್ಯ. ಮನೆಯವರು ಒಬ್ಬೊಬ್ಬರಾಗಿ ಬಂದು ಇವತ್ತು ಊಟಕ್ಕೆ ಏನು ಅಂತ ಕೇಳುತ್ತಾರೆ. ಉತ್ತರ ಡಬ್ಬಿಯ ಹೆಸರು. ಆಯಿತು, ಮುಗಿಯಿತು. ನಗಬೇಕು, ಮುಂದೆ ಹೋಗಬೇಕು.

ಆದರೆ 'ಓಡರೋನೋ' ಅನ್ನುವ ಹಾಡಿನ ಮುಂದೆ ನಾವು ಕೂರಬೇಕು. ಈಗಷ್ಟೇ ಕೇಳಿದಿರಿ. ನಾನು ಬೇಕೆಂದೇ ಮೊದಲು ಏನೂ ಹೇಳಲಿಲ್ಲ.

ಅದರ ಕಥೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಬ್ಬಳು ಹಾಡುಗಾರ್ತಿ. ಅವತ್ತು ರಾತ್ರಿ ತುಂಬ ಚೆನ್ನಾಗಿ ಹಾಡಿದ್ದಾಳೆ. ಚಪ್ಪಾಳೆ ಬಿದ್ದಿದೆ. ಕಾರ್ಯಕ್ರಮ ಮುಗಿದ ಮೇಲೆ ಅವಳಿರುವ ಕೋಣೆಗೆ ಒಬ್ಬರು ಬರುತ್ತಾರೆ. ಅವಳ ಬದುಕು ಬದಲಾಯಿಸಬಲ್ಲ ಮನುಷ್ಯ. ಹೊಗಳುತ್ತಾರೆ. ಅವಳಿಗೆ ಅವರು ಇಷ್ಟವಾಗುತ್ತಾರೆ. ಅವರು ಹತ್ತಿರ ಬಾಗುತ್ತಾರೆ. ತಕ್ಷಣ ಮುಖ ಬದಲಾಗುತ್ತದೆ, ಏನೋ ನೆಪ ಹೇಳಿ ಹೊರಟುಹೋಗುತ್ತಾರೆ. ಯಾಕೆ? ಅವಳು ಹಚ್ಚಿಕೊಂಡಿದ್ದ ಡಿಯೋಡರೆಂಟ್ ಕೈ ಕೊಟ್ಟಿತ್ತು. ಕೊನೆಯ ಸಾಲಿನಲ್ಲಿ ಬ್ರ್ಯಾಂಡಿನ ಹೆಸರು: ಇದನ್ನು ಹಚ್ಚಬೇಕಿತ್ತು.

ಟೌನ್ಸೆಂಡ್ ತಾವೇ ಹಾಡಿದ್ದಾರೆ. ಆ ದನಿಯನ್ನು ಗಮನಿಸಿದಿರಾ? ಎಲ್ಲಿಯೂ ಕಣ್ಣು ಹೊಡೆಯುವುದಿಲ್ಲ. 'ಇದು ತಮಾಷೆ ಕಣ್ರೀ' ಅಂತ ಸುಳಿವು ಕೊಡುವುದಿಲ್ಲ. ಗಿಟಾರ್ ಮೆಲ್ಲಗೆ ಮೇಲೇರುತ್ತದೆ, ಹುಡುಗಿಯ ಆಸೆ ಏರಿದ ಹಾಗೆ. ರಾಗದಲ್ಲಿ ನಿಜವಾದ ಮರುಕ ಇದೆ. ನೀವು ಅವಳ ಪರ ಆಗಿಬಿಡುತ್ತೀರಿ. ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ ಒಬ್ಬರು ಹಾಡಿನ ಅರ್ಥ ಮೊಮ್ಮಗಳಿಂದ ಕೇಳಿ ತಿಳಿದುಕೊಳ್ಳುತ್ತಾ ಇದ್ದರು. 'ಅಯ್ಯೋ ಪಾಪ' ಅಂದದ್ದು ನನಗೆ ಇಲ್ಲಿಯವರೆಗೆ ಕೇಳಿಸಿತು. ಸರಿಯಾಗಿ ಆ ಪಾಪ ಅನ್ನುವ ಹೊತ್ತಿಗೇ ಡಬ್ಬಿ ಬಂತು. ನಿಮ್ಮ ಮರುಕವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಂಗಡಿ ಕಟ್ಟೆಯ ಮೇಲೆ ಇಟ್ಟರು.

ಓಡರೋನೋ ಟೌನ್ಸೆಂಡ್ ಹುಟ್ಟಿಸಿದ ಹೆಸರಲ್ಲ. ಅಮೆರಿಕದ ನಿಜವಾದ ಸರಕು. ಆ ಹೆಸರನ್ನು ಒಡೆದರೆ 'ವಾಸನೆಯೇ? ಅಯ್ಯೋ ಬೇಡ!' ಅಂತ ಆಗುತ್ತದೆ. ಇದರ ಜಾಹೀರಾತಿಗೆ ಒಂದು ಚರಿತ್ರೆಯೇ ಇದೆ. 1919ರಲ್ಲಿ ಜೇಮ್ಸ್ ಯಂಗ್ ಅನ್ನುವವರು ಹೆಂಗಸರ ಪತ್ರಿಕೆಯೊಂದಕ್ಕೆ ಇದರ ಜಾಹೀರಾತು ಬರೆದರು. ಅಲ್ಲಿಯವರೆಗೆ ಬೆವರಿಗೆ ಔಷಧ ಅಂತ ಮಾರುತ್ತಿದ್ದರು. ಯಂಗ್ ದಾರಿ ಬದಲಾಯಿಸಿದರು. ನಿನ್ನ ಮೈ ವಾಸನೆ ನಿನಗೆ ಗೊತ್ತಾಗುವುದಿಲ್ಲ, ಬೇರೆಯವರಿಗೆ ಗೊತ್ತಾಗುತ್ತದೆ, ಅವರು ನಿನ್ನ ಮುಂದೆ ಹೇಳುವುದಿಲ್ಲ: ಈ ಹೆದರಿಕೆಯನ್ನು ಮನಸ್ಸಿಗೆ ಬಿಟ್ಟರು. ಸುಮಾರು 200 ಜನ ಓದುಗರು ಸಿಟ್ಟಾಗಿ ಪತ್ರಿಕೆಯ ಚಂದಾ ನಿಲ್ಲಿಸಿದರು. ಆದರೆ ಮಾರಾಟ ಒಂದೇ ವರ್ಷದಲ್ಲಿ ದುಪ್ಪಟ್ಟಿಗಿಂತ ಜಾಸ್ತಿ ಆಯಿತು.

ಟೌನ್ಸೆಂಡ್ ಹಾಡಿನಲ್ಲಿ ಮಾಡಿದ್ದು ಇದನ್ನೇ, ಒಂದು ಕೂದಲೂ ಆಚೀಚೆ ಆಗದಂತೆ. ಮೊದಲು ಆಸೆ, ಆಮೇಲೆ ನಾಚಿಕೆ, ಕೊನೆಗೆ ಡಬ್ಬಿ. ಜಾಹೀರಾತು ಕೆಟ್ಟದ್ದು ಅಂತ ಒಂದು ಮಾತೂ ಹೇಳಲಿಲ್ಲ. ಅದು ಕೆಲಸ ಮಾಡುವ ಬಗೆಯನ್ನು ನಿಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳು ಬಣ್ಣದ ಕ್ರೀಮಿನ ಜಾಹೀರಾತು ನೋಡುತ್ತಾ ಬೆಳೆದಿದ್ದಾರೆ! ಕಪ್ಪಗಿದ್ದಾಳೆ, ಕೆಲಸ ಸಿಗಲಿಲ್ಲ. ಕ್ರೀಮ್ ಹಚ್ಚಿದಳು, ಸಿಕ್ಕಿತು. ನನ್ನ ತಂಗಿ ಪಿಯುಸಿ ಓದುವಾಗ ಆ ಟ್ಯೂಬನ್ನು ಪುಸ್ತಕದ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಮುಗಿದ ಟ್ಯೂಬನ್ನು ಕತ್ತರಿಯಿಂದ ಸೀಳಿ, ಒಳಗಿದ್ದದ್ದನ್ನು ಬೆರಳಿನಲ್ಲಿ ಬಳಿದು ತೆಗೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಈ ಹಾಡು ಕೇಳಿದಾಗಲೆಲ್ಲ ನನಗೆ ಆ ಕತ್ತರಿಸಿದ ಟ್ಯೂಬು ಕಣ್ಣ ಮುಂದೆ ಬರುತ್ತದೆ. ಹಾಡಿಗೆ ನಗು ಬರುತ್ತದೆ, ಅದಕ್ಕೆ ಬರುವುದಿಲ್ಲ.

ಮುಂದಿನ ಹಾಡು 'ಟ್ಯಾಟೂ'. ಜಾಹೀರಾತಲ್ಲ, ಆದರೆ ಅದೇ ಗಾಯದ ಇನ್ನೊಂದು ಮಗ್ಗುಲು. ಅಣ್ಣ ತಮ್ಮ ಇಬ್ಬರು. ಗಂಡಸು ಅನ್ನಿಸಿಕೊಳ್ಳುವುದು ಹೇಗೆ ಅಂತ ಯೋಚಿಸಿ ಹೋಗಿ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಮನೆಗೆ ಬಂದರೆ ಏಟು. ಇಷ್ಟೇ. ಟೌನ್ಸೆಂಡ್ ಇದನ್ನು ಎಷ್ಟು ಮೃದುವಾಗಿ ಬರೆದಿದ್ದಾರೆ ಅಂದರೆ, ಆ ಇಬ್ಬರು ಹುಡುಗರ ಭುಜದ ಮೇಲೆ ಕೈ ಇಡಬೇಕು ಅನ್ನಿಸುತ್ತದೆ. ನನ್ನ ಕಣ್ಣಿಗೆ ಇಡೀ ಆಲ್ಬಮ್ಮಿನಲ್ಲಿ ಇದೇ ಅತ್ಯಂತ ಚೆಲುವಾದ ಹಾಡು. ಹುಡುಗಿಗೆ ಡಿಯೋಡರೆಂಟ್ ಮಾರಿದ ಹಾಗೇ ಹುಡುಗರಿಗೆ ಗಂಡಸುತನ ಮಾರುತ್ತಾರೆ. ಈ ಎರಡು ಹಾಡನ್ನು ಒಂದರ ಪಕ್ಕ ಒಂದು ಇಟ್ಟದ್ದು ಸುಮ್ನೆ ಅಲ್ಲ ಅಂತ ನಾನು ನಂಬಿದ್ದೇನೆ.

ರೆಕಾರ್ಡ್ ತಟ್ಟೆಯ ಮೊದಲ ಬದಿಯ ಕೊನೆಗೆ 'ಐ ಕ್ಯಾನ್ ಸೀ ಫಾರ್ ಮೈಲ್ಸ್'. ಮೋಸ ಹೋದ ಗಂಡಸಿನ ಸಿಟ್ಟು: ನಿನ್ನ ಸುಳ್ಳು ನನಗೆ ಮೈಲಿಗಟ್ಟಲೆ ದೂರದಿಂದ ಕಾಣುತ್ತದೆ. ಮೂನ್ ಅವರ ಡ್ರಮ್ಸ್ ಗುಡುಗು ಉರುಳಿದ ಹಾಗೆ. ಗಿಟಾರಿನ ಸೋಲೋ ಬಂದಾಗ ಟೌನ್ಸೆಂಡ್ ಬೆರಳಿನ ಚಮತ್ಕಾರ ತೋರಿಸುವುದಿಲ್ಲ. ಹೆಚ್ಚು ಕಮ್ಮಿ ಒಂದೇ ಸ್ವರವನ್ನು ಹಿಡಿದು ಬಡಿಯುತ್ತಾರೆ. ಸಿಟ್ಟು ಬಂದವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನಲ್ಲ, ಹಾಗೆ. ಇದನ್ನು ಬಿಡಿ ಹಾಡಾಗಿ ಬಿಟ್ಟಾಗ ಅಮೆರಿಕದಲ್ಲಿ 9ನೇ ಸ್ಥಾನಕ್ಕೆ ಬಂತು, ಬ್ರಿಟನ್ನಿನಲ್ಲಿ 10ಕ್ಕೆ. ಬೇರೆಯವರಾದರೆ ಸಿಹಿ ಹಂಚುತ್ತಿದ್ದರು. ಟೌನ್ಸೆಂಡ್ ತುಂಬ ನೊಂದುಕೊಂಡರು. ಇದು ಒಂದನೇ ಸ್ಥಾನಕ್ಕೆ ಹೋಗುವ ಹಾಡು ಅಂತ ಅವರು ನಂಬಿದ್ದರು. ಮಾರಾಟವನ್ನು ಅಣಕಿಸುವ ಆಲ್ಬಂ ಮಾಡಿದವರೇ ಮಾರಾಟದ ಪಟ್ಟಿ ನೋಡಿ ನೋಯುತ್ತಾರೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆ ನೋವು ಇಲ್ಲದವರು ಈ ಆಲ್ಬಂ ಮಾಡಲು ಆಗುತ್ತಿರಲಿಲ್ಲ.

ಯಾಕೆಂದರೆ ಇವರು ನಿಜವಾಗಿಯೂ ಜಾಹೀರಾತು ಹಾಡಿದವರು. ತಂಪು ಪಾನೀಯದ ಕಂಪನಿಗೆ ಹಾಡಿದ್ದಾರೆ, ಮಿಲ್ಕ್‌ಶೇಕ್ ಪುಡಿಗೆ ಹಾಡಿದ್ದಾರೆ. ವೇದಿಕೆಯ ಮೇಲೆ ಗಿಟಾರ್ ಒಡೆದು ಒಡೆದು ಸಾಲ ಮಾಡಿಕೊಂಡಿದ್ದ ತಂಡ, ದುಡ್ಡು ಬೇಕಿತ್ತು. ನಮ್ಮ ದೊಡ್ಡಪ್ಪನೂ ಹಾಗೇ ಅಲ್ವಾ? ಭತ್ತ ಮಾರಿ ಪಾತ್ರ ಕೊಂಡವರು ಗೊಬ್ಬರದಂಗಡಿಯ 101 ರೂಪಾಯಿಗೆ ಎದ್ದು ಕೈ ಮುಗಿದರು. ಅದರಿಂದ ಅವರ ಅಳು ಸುಳ್ಳಾಯಿತೇ? ಮನೆಗೆ ಬಂದು ಬಣ್ಣ ತೊಳೆಯುವಾಗಲೂ ಅವರ ಕಣ್ಣು ಕೆಂಪಗಿತ್ತು, ನಾನೇ ಚೊಂಬಿನಲ್ಲಿ ನೀರು ಹಾಕಿದ್ದೇನೆ.

ಎರಡನೇ ಬದಿಯ ಬಗ್ಗೆ ನನಗೆ ಒಂದು ತಕರಾರಿದೆ. ಜಾಹೀರಾತುಗಳು ಇದ್ದಕ್ಕಿದ್ದಂತೆ ತೆಳ್ಳಗಾಗುತ್ತವೆ. 'ಮೆಡಾಕ್' ಅನ್ನುವ ಮೊಡವೆ ಕ್ರೀಮಿನ ಹಾಡು ಒಂದು ಇದೆ. ಹೆನ್ರಿ ಅನ್ನುವ ಹುಡುಗನಿಗೆ ಮುಖದ ತುಂಬ ಮೊಡವೆ, ಕ್ರೀಮ್ ಹಚ್ಚಿದ, ಮುಖ ಮಗುವಿನ ಚರ್ಮದ ಹಾಗೆ ಆಯಿತು. ಅದಾದ ಮೇಲೆ ಬರೀ ಹಾಡುಗಳು. ಜಿಂಗಲ್ ಇಲ್ಲ, ಸ್ಟೇಷನ್ ಇಲ್ಲ. ತಂಡದವರು ಆ ಎಳೆಯನ್ನು ಕೈಬಿಟ್ಟರು ಅಂತ ಅನೇಕರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಕೊನೆಯ ತನಕ ಬಿಗಿಯಾಗಿ ಹಿಡಿದಿದ್ದರೆ ಇನ್ನೂ ದೊಡ್ಡ ಕೆಲಸ ಆಗುತ್ತಿತ್ತು. ಕೊನೆಯಲ್ಲಿ ಬರುವ 'ರಾಯೆಲ್' ಒಂದು ಪುಟ್ಟ ಸಂಗೀತ ನಾಟಕ. ಅದರ ಒಂದು ತುಣುಕು ಎರಡು ವರ್ಷದ ಮೇಲೆ ಅವರ ಹೆಸರಾಂತ 'ಟಾಮಿ' ಆಲ್ಬಮ್ಮಿಗೆ ಹೋಯಿತು. ಆದರೆ ಈ ಆಲ್ಬಮ್ಮಿನ ಮನೆಯಲ್ಲಿ ಅದು ಬೇರೆ ಊರಿನ ನೆಂಟ.

ನಡುವೆ 'ಸೈಲಸ್ ಸ್ಟಿಂಜಿ' ಅನ್ನುವ ಜಿಪುಣನ ಹಾಡು ಇದೆ, ಎಂಟ್ವಿಸಲ್ ಅವರದೇ. ದುಡ್ಡು ಕಾಯಲು ಪೆಟ್ಟಿಗೆ, ಬೀಗ, ಕಾವಲು ಅಂತ ಇದ್ದ ದುಡ್ಡನ್ನೆಲ್ಲ ಖರ್ಚು ಮಾಡಿ ಬರಿಗೈ ಆಗುವವನ ಕಥೆ. ನಮ್ಮ ಊರ ಕಟ್ಟೆಯ ಮೇಲೆ ಹೇಳಿದರೆ ಯಾರೂ ಇದು ಇಂಗ್ಲೆಂಡಿನದು ಅನ್ನುವುದಿಲ್ಲ.

ಒಂದು ವಿಷಯ ಮಾತ್ರ ಎಲ್ಲರಿಗೂ ಹೇಳಲೇಬೇಕು. ಬ್ರಿಟನ್ನಿನ ಮೊದಲ ಮುದ್ರಣದ ತಟ್ಟೆಯಲ್ಲಿ ಎರಡನೇ ಬದಿಯ ಕೊನೆಯ ಗೀರನ್ನು ಸುತ್ತಾಗಿ ಮುಚ್ಚಿಬಿಟ್ಟಿದ್ದರು. ಅಂದರೆ ಹಾಡು ಮುಗಿದ ಮೇಲೆ ಮುಳ್ಳು ಒಳಗಿನ ಆ ಸುತ್ತಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಏನಿದೆ? ರೆಕಾರ್ಡ್ ಕಂಪನಿಯ ಹೆಸರು. ಟ್ರ್ಯಾಕ್ ರೆಕಾರ್ಡ್ಸ್, ಟ್ರ್ಯಾಕ್ ರೆಕಾರ್ಡ್ಸ್ ಅಂತ ಅದೇ ಹಾಡು ಸುತ್ತುತ್ತಲೇ ಇರುತ್ತದೆ. ಆ ತಟ್ಟೆ ತಾನಾಗಿ ಮುಗಿಯುವುದಿಲ್ಲ. ಕೇಳುವವರು ಎದ್ದು ಹೋಗಿ ಮುಳ್ಳು ಎತ್ತಬೇಕು. ಎತ್ತದಿದ್ದರೆ ಕರೆಂಟು ಹೋಗುವ ತನಕ ಜಾಹೀರಾತು. ಈಗ ಫೋನಿನಲ್ಲಿ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ದನಿ ಜೋರಾಗಿ ಬರುವ ಜಾಹೀರಾತು ಕೇಳುವಾಗ ನನಗೆ ಆ ಗೀರು ನೆನಪಾಗುತ್ತದೆ. ಇಲ್ಲಿ ಎತ್ತಲು ಮುಳ್ಳೇ ಇಲ್ಲ.

ಕೊನೆಯದಾಗಿ 'ಸನ್‌ರೈಸ್' ಹಾಕುತ್ತೇನೆ. ಟೌನ್ಸೆಂಡ್ ಒಬ್ಬರೇ, ಮರದ ಗಿಟಾರ್ ಒಂದೇ. ಡ್ರಮ್ಸ್ ಇಲ್ಲ, ಅಬ್ಬರ ಇಲ್ಲ. ಬೆಳಗಾಗುವುದನ್ನು ನೋಡುತ್ತಾ ಒಬ್ಬ ತನ್ನ ಪ್ರೀತಿಗೆ ಹೆದರುತ್ತಾನೆ. ದಯವಿಟ್ಟು ಫೋನ್ ಬದಿಗಿಡಿ. ಮೂರು ನಿಮಿಷ.

(ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೆಳಗೆ ರಸ್ತೆಯಲ್ಲಿ ಸೊಪ್ಪಿನವರ ಗಾಡಿಯಿಂದ ಮೊದಲೇ ರೆಕಾರ್ಡ್ ಮಾಡಿಟ್ಟ ಕೂಗು ಬರುತ್ತಿತ್ತು. 'ಅಯ್ಯೋ ಪಾಪ' ಅಂದಿದ್ದ ಆ ಅಮ್ಮನನ್ನು, ಹೇಗಿತ್ತು ಅಂತ ಕೇಳಿದೆ.

'ಚೆನ್ನಾಗಿತ್ತು ಕಣಪ್ಪ,' ಅಂದರು. 'ಆದರೆ ಕೊನೆಗೆ ಏನು ಮಾರುತ್ತಾನೋ ಅಂತ ಕಾಯ್ತಾನೇ ಇದ್ದೆ.')